ಮ್ಯೂನಿಕ್ಕೋ ಲೈಪ್‌ಜಿಗ್ಗೋ: ಸಂಬಳ ನೋಡಿ ಊರು ಆರಿಸಬೇಡಿ

ನೀವು ಕೇಳಿದ್ದು ಇಷ್ಟು: ಜರ್ಮನಿಯಲ್ಲಿ ಎರಡು ಕೆಲಸ ಸಿಕ್ಕಿವೆ, ಮ್ಯೂನಿಕ್‌ನಲ್ಲಿ ವರ್ಷಕ್ಕೆ 72,000 ಯೂರೋ, ಲೈಪ್‌ಜಿಗ್‌ನಲ್ಲಿ 62,000. ನಿಮ್ಮ ಮನೆಯವರು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದಾರೆ, ಮಗಳಿಗೆ ಮೂರು ವರ್ಷ. ಯಾವ ಊರಿನಲ್ಲಿ ಬೇರು ಬಿಡಬಹುದು?

ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ಒಬ್ಬರದೇ ಸಂಪಾದನೆ, ಮೂರನೇ ತೆರಿಗೆ ವರ್ಗ (ಮದುವೆಯಾದವರಿಗೆ ಸಿಗುವ, ಕಡಿಮೆ ತೆರಿಗೆಯ ವರ್ಗ) ಅಂದುಕೊಂಡರೆ ಹೆಚ್ಚಿಗೆ ಸಿಗುವ ಆ 10,000ದಲ್ಲಿ ಕೈಗೆ ಬರುವುದು ತಿಂಗಳಿಗೆ ಸುಮಾರು 500 ಯೂರೋ. ಮೂರು ಕೋಣೆಯ 75 ಚದರ ಮೀಟರ್ ಮನೆಗೆ ಮ್ಯೂನಿಕ್‌ನಲ್ಲಿ ಹೊಸಬರಿಗೆ 1,500ಕ್ಕಿಂತ ಕಡಿಮೆ ಬಾಡಿಗೆ ಸಿಗುವುದು ಕಷ್ಟ, ಲೈಪ್‌ಜಿಗ್‌ನಲ್ಲಿ ಅದರ ಅರ್ಧ ಸಾಕು. ಇದು ಕಾಲ್ಟ್‌ಮೀಟೆ, ಅಂದರೆ ಹೀಟಿಂಗ್, ನೀರು, ಕಸದ ಖರ್ಚು ಸೇರದ ಬಾಡಿಗೆ. ಬರೀ ದುಡ್ಡು ನೋಡಿದರೆ ಲೈಪ್‌ಜಿಗ್ಗೇ ವಾಸಿ.

ಆದರೆ ಕೆಲಸ ಕೈಯಲ್ಲಿರುವವರು ಯಾವ ಊರಲ್ಲಾದರೂ ಬದುಕುತ್ತಾರೆ. ಒಣಗುವುದು ಮನೆಯಲ್ಲಿ ಉಳಿದವರು. ಎರಡು ಮೂರು ವರ್ಷಕ್ಕೆ ವಾಪಸ್ ಹೋಗುವ ಮಾತು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಬ್ಲೂ ಕಾರ್ಡ್ (ಹೊರದೇಶದ ಪದವೀಧರ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಇದ್ದವರ ಸಂಗಾತಿಗೆ ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕಿದೆ, ವೀಸಾಕ್ಕೆ ಜರ್ಮನ್ ಪರೀಕ್ಷೆಯೂ ಬೇಡ. ಹಕ್ಕಿದ್ದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಇಂಗ್ಲಿಷ್ ಒಂದರಲ್ಲೇ ನಡೆಯುವ ಕಂಪನಿಗಳು ಮ್ಯೂನಿಕ್, ಬರ್ಲಿನ್‌ಗಳಲ್ಲಿ ಹೆಚ್ಚು. ಲೈಪ್‌ಜಿಗ್‌ನಲ್ಲಿ ಟೆಸ್ಟಿಂಗ್ ಕೆಲಸಕ್ಕೂ ಜರ್ಮನ್ ಕೇಳುವವರೇ ಜಾಸ್ತಿ. ಬರ್ಲಿನ್‌ಗೆ ಅಲ್ಲಿಂದ ಐಸಿಇ ಎಂಬ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ ನಿಜ, ಆದರೆ ತಿಂಗಳಿಗೆ 63 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್ (ದೇಶದೆಲ್ಲೆಡೆ ಪ್ರಾದೇಶಿಕ ರೈಲು, ಬಸ್ಸುಗಳಿಗೆ ನಡೆಯುವ ಪಾಸು) ಐಸಿಇಗೆ ನಡೆಯುವುದಿಲ್ಲ.

ಹಾಗಾಗಿ ನನ್ನ ಓಟು ಮ್ಯೂನಿಕ್ ಕೆಲಸ, ಹತ್ತಿರದ ಆಗ್ಸ್‌ಬುರ್ಗ್ ಊರಲ್ಲಿ ಮನೆ. ಪ್ರಾದೇಶಿಕ ರೈಲಿನಲ್ಲಿ ಮುಕ್ಕಾಲು ಗಂಟೆ, ಅದೇ ಟಿಕೆಟ್ ಸಾಕು, ಬಾಡಿಗೆಯೂ ಎಷ್ಟೋ ಇಳಿಯುತ್ತದೆ. ಆಫೀಸು ವಾರಕ್ಕೆ ಐದು ದಿನವೂ ಬನ್ನಿ ಅಂದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ರೈಲು ತಡವಾಗುವುದು ಇಲ್ಲಿ ದಿನನಿತ್ಯದ ಮಾತು, ಜರ್ಮನ್ ಶಿಸ್ತಿನ ಬಗ್ಗೆ ಊರಲ್ಲಿ ಕೇಳಿದ್ದನ್ನೆಲ್ಲ ನಂಬಬೇಡಿ.

ನಿಮ್ಮ ಮನೆಯವರು ಬಂದ ತಿಂಗಳೇ ಇಂಟೆಗ್ರೇಷನ್ ಕೋರ್ಸ್ ಸೇರಲಿ. 600 ಪಾಠ ಭಾಷೆಗೆ, 100 ಪಾಠ ದೇಶದ ಕಾನೂನು, ಇತಿಹಾಸಕ್ಕೆ. ವಾರಕ್ಕೆ 20–25 ಪಾಠವಾದರೆ ಏಳೆಂಟು ತಿಂಗಳಿಗೆ ಬಿ1 ಹಂತ (ದಿನನಿತ್ಯದ ವ್ಯವಹಾರಕ್ಕೆ ಸಾಲುವಷ್ಟು ಜರ್ಮನ್; ಎ1 ಅಂದರೆ ತೀರಾ ಆರಂಭದ ಹಂತ). ನೀವೂ ಸಂಜೆ ಕಲಿಯಿರಿ: ಬ್ಲೂ ಕಾರ್ಡ್‌ನಿಂದ ಕಾಯಂ ವಾಸದ ಪರವಾನಗಿಗೆ ಎ1 ಇದ್ದರೆ 27 ತಿಂಗಳು, ಬಿ1 ಇದ್ದರೆ 21.

ಮಗಳ ಚಿಂತೆ ಕಡಿಮೆ. ಮೂರು ವರ್ಷದ ಮಗು ಕಿಂಡರ್‌ಗಾರ್ಟನ್‌ನಲ್ಲೇ ಭಾಷೆ ಕಲಿತುಬಿಡುತ್ತದೆ, ಮನೆಯಲ್ಲಿ ನಿಮ್ಮ ಅರೆಬರೆ ಜರ್ಮನ್ ಬೇಡ, ಕನ್ನಡವೇ ಇರಲಿ. ಜಾಗ ಸಿಗುವುದೇ ತಾಪತ್ರಯ, ವಿಳಾಸ ಸಿಕ್ಕ ದಿನವೇ ಅರ್ಜಿ ಹಾಕಿ. ಎಂಟೊಂಬತ್ತು ವರ್ಷದ ಮಗುವಾಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಮ್ಯೂನಿಕ್, ಆಗ್ಸ್‌ಬುರ್ಗ್ ಇರುವ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ತರಗತಿಗೇ ಜರ್ಮನ್, ಗಣಿತ, ಪರಿಸರ ಪಾಠದ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ಗಿಮ್ನಾಸಿಯಂ, ಅಂದರೆ ವಿಶ್ವವಿದ್ಯಾಲಯದ ದಾರಿಯ ಪ್ರೌಢಶಾಲೆ (ಇಲ್ಲಿ 1 ಅಂದರೆ ಅತ್ಯುತ್ತಮ). ಬರ್ಲಿನ್‌ನಲ್ಲಿ ಪ್ರಾಥಮಿಕ ಶಾಲೆ ಆರು ವರ್ಷ, ಹೊಸ ಮಕ್ಕಳಿಗೆ ಉಸಿರಾಡಲು ಸಮಯ ಸಿಗುತ್ತದೆ.

ಇನ್ನು ಕಾಗದಪತ್ರ. ಹೊರಡುವ ಮುಂಚೆ ಪಾಸ್‌ಪೋರ್ಟ್ ತೆಗೆದು ನೋಡಿ. ನಮ್ಮ ಕಡೆ ಇನಿಷಿಯಲ್ ರೂಢಿ, ಸರ್‌ನೇಮ್ ಜಾಗ ಖಾಲಿ ಇರುವುದು ಸಾಮಾನ್ಯ. ಹಾಗಿದ್ದರೆ ಅಲ್ಲೇ ಸರಿಮಾಡಿಸಿ, ಇಲ್ಲಿನ ಪ್ರತಿ ಫಾರಂ ಕುಟುಂಬದ ಹೆಸರು ಕೇಳುತ್ತದೆ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮಾಲೀಕರ ಸಹಿ ಇರುವ ಪತ್ರ ಬೇಕು. ತಾತ್ಕಾಲಿಕವಾಗಿ ಮನೆ ಬಾಡಿಗೆಗೆ ಕೊಡುವ ಎಷ್ಟೋ ಜನ ಈ ಪತ್ರ ಕೊಡುವುದಿಲ್ಲ, ಮುಂಗಡ ಕಟ್ಟುವ ಮುಂಚೆಯೇ ಕೇಳಿ. ನೋಂದಣಿಯಾದ ಕೆಲವು ವಾರಕ್ಕೆ ತೆರಿಗೆ ನಂಬರು ಅಂಚೆಯಲ್ಲಿ ಬರುತ್ತದೆ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ನಂಬರು ತಲುಪದಿದ್ದರೆ ಆರನೇ ತೆರಿಗೆ ವರ್ಗದ ಪ್ರಕಾರ ಸಂಬಳದಿಂದ ಸಿಕ್ಕಾಪಟ್ಟೆ ತೆರಿಗೆ ಹಿಡಿಯಬಹುದು. ಮುಂದಿನ ವರ್ಷ ವಾಪಸ್ ಸಿಗುತ್ತದೆ, ಆದರೆ ಮೊದಲ ತಿಂಗಳಲ್ಲೇ ಕೈ ಕಟ್ಟಿಹೋಗುತ್ತದೆ.

ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚು ಕೇಳುವಂತಿಲ್ಲ, ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ಇದೆ. ಅಡುಗೆಮನೆಯಲ್ಲಿ ಒಲೆ, ಸಿಂಕ್ ಇದೆಯೇ ನೋಡಿಕೊಳ್ಳಿ, ಬರೀ ನಲ್ಲಿ ಪೈಪು ಬಿಟ್ಟಿರುವ ಮನೆಗಳೂ ಇವೆ. ಕೆಲಸದ ಮೊದಲ ಆರು ತಿಂಗಳು ಪ್ರೊಬೇಷನ್, ಆಗ ಎರಡು ವಾರದ ನೋಟಿಸ್‌ನಲ್ಲಿ ಮನೆಗೆ ಕಳಿಸಬಹುದು. ಆದ್ದರಿಂದ ಒಂದೆರಡು ವರ್ಷ ಮನೆ ಬಿಡುವಂತಿಲ್ಲ ಎಂಬ ಷರತ್ತಿರುವ ಬಾಡಿಗೆ ಕರಾರಿಗೆ ಆ ಅವಧಿ ಮುಗಿಯುವ ತನಕ ಸಹಿ ಹಾಕಬೇಡಿ.