ಭೂದಾನದ ಪಟ್ಟಿಯಲ್ಲಿ ಯಾರ ಹೆಸರಿರಬೇಕು?

ಪ್ರಶ್ನೆ: ನಮ್ಮೂರಿನ ಇತಿಹಾಸವನ್ನು ಬರೆಯುತ್ತಿದ್ದೇನೆ. ಭೂಹೀನರಿಗೆ ಹಂಚಲೆಂದು ಭೂಮಿಯನ್ನು ದಾನವಾಗಿ ಕೇಳುತ್ತಿದ್ದ ವಿನೋಬಾ ಭಾವೆಯವರ ಭೂದಾನ ಚಳವಳಿಗೆ ನನ್ನ ಅಜ್ಜನವರು ನಾಲ್ಕು ಎಕರೆಗೆ ದಾನಪತ್ರ ಬರೆದುಕೊಟ್ಟಿದ್ದರು. ಆದರೆ ಆ ಜಮೀನು ಇಂದಿಗೂ ನಮ್ಮ ಮನೆತನದ ಸ್ವಾಧೀನದಲ್ಲಿಯೇ ಇದೆ. ಊರಿನ ಇನ್ನೊಬ್ಬರು ಐದೇ ಗುಂಟೆ ಕೊಟ್ಟರೂ ಅದನ್ನು ಕೂಡಲೇ ಬಿಟ್ಟುಕೊಟ್ಟರು. ಮತ್ತೊಬ್ಬರಿಗೆ ಭೂಮಿಯೇ ಇರಲಿಲ್ಲ, ಕಾರ್ಯಕರ್ತರೊಡನೆ ಊರೂರು ನಡೆದರು. ಇವರಲ್ಲಿ ಯಾರನ್ನು ಚಳವಳಿಗೆ ಸೇರಿದವರೆಂದು ಎಣಿಸಲಿ?
– ಒಬ್ಬ ಓದುಗರು, ತುಮಕೂರು ಜಿಲ್ಲೆ

ಉತ್ತರ: ನೀವು ಕೇಳಿರುವ ಮೂವರ ಜೊತೆಗೆ ನಾಲ್ಕನೆಯವರೊಬ್ಬರು ಇದ್ದಾರೆ: ಭೂಮಿಯನ್ನು ಪಡೆದವರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂಮಿಯಿಲ್ಲದ ದಲಿತ ಕುಟುಂಬಗಳು ವಿನೋಬಾ ಭಾವೆಯವರ ಮುಂದೆ 80 ಎಕರೆ ಬೇಕೆಂದು ಕೇಳಿದ ಮೇಲೆಯೇ ವೆದಿರೆ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುವುದಾಗಿ ಹೇಳಿದರು. ಬಾಯಿಬಿಟ್ಟು ಕೇಳಿದವರಿಲ್ಲದಿದ್ದರೆ ಅಂದು ಕೊಡುವವರೂ ಏಳುತ್ತಿರಲಿಲ್ಲ. ಆದ್ದರಿಂದ ನಿಮ್ಮೂರಿನಲ್ಲಿ ಭೂಮಿ ಪಡೆದವರ ಹೆಸರುಗಳಿಂದಲೇ ಪಟ್ಟಿಯನ್ನು ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ದಾನಿಗಳನ್ನು ಮಾತ್ರ ನೆನೆಯುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು.

ಐದು ಗುಂಟೆಯವರ ವಿಷಯದಲ್ಲಿ ಸಂಶಯವೇ ಬೇಡ. ನಡೆದವರೂ ಸೇರುತ್ತಾರೆ, ಏಕೆಂದರೆ ಭೂಮಿಯಿಲ್ಲದವರೂ ಪಾಲುಗೊಳ್ಳಲೆಂದೇ ಶ್ರಮದಾನ ಮತ್ತು ಸಂಪತ್ತಿದಾನಗಳು (ಆದಾಯದ ಒಂದು ಪಾಲನ್ನು ಮೀಸಲಿಡುವುದು) ಈ ಚಳವಳಿಯೊಳಗೆ ಬಂದವು. ಸಂಪತ್ತಿದಾನದಲ್ಲಂತೂ ಹಣವು ದಾನಿಯ ಬಳಿಯೇ ಉಳಿಯುತ್ತಿತ್ತು. ಅದನ್ನು ಸೂಚಿಸಿದ ಕೆಲಸಕ್ಕೆ ಖರ್ಚು ಮಾಡಿ ಲೆಕ್ಕ ಒಪ್ಪಿಸಿದವರು ಮಾತ್ರ ಮಾತು ಉಳಿಸಿಕೊಂಡವರಾಗುತ್ತಿದ್ದರು.

ಕಷ್ಟವಿರುವುದು ನಿಮ್ಮ ಅಜ್ಜನವರ ವಿಷಯದಲ್ಲಿ. ಐದು ಕೋಟಿ ಎಕರೆಯ ಗುರಿಯಿಟ್ಟುಕೊಂಡ ಚಳವಳಿಗೆ ದೇಶದಾದ್ಯಂತ ದೊರೆತದ್ದು 40 ಲಕ್ಷ ಎಕರೆಗೆ ಸ್ವಲ್ಪ ಮೇಲ್ಪಟ್ಟ ಭೂಮಿ. ಅದರಲ್ಲಿಯೂ ಬಹುಪಾಲು ಉಳುಮೆಗೆ ಬಾರದ್ದೋ, ವ್ಯಾಜ್ಯದಲ್ಲಿದ್ದದ್ದೋ, ಹಂಚಿಕೆಯಾಗದೆ ಕಾಗದದಲ್ಲಿಯೇ ನಿಂತದ್ದೋ ಆಗಿತ್ತು. ಹೀಗಾಗಿ ಸಹಿಯೊಂದನ್ನೇ ಆಧಾರವಾಗಿ ಹಿಡಿದರೆ ಪಟ್ಟಿ ಸುಳ್ಳಾಗುತ್ತದೆ. ಆದರೆ ದಾನಪತ್ರ ಬರೆದವರೆಲ್ಲರೂ ಮಾತಿಗೆ ತಪ್ಪಿದವರೆಂದು ತೀರ್ಮಾನಿಸುವುದೂ ಅನ್ಯಾಯ. ಎಷ್ಟೋ ಕಡೆ ದಾನಿಯು ಸಿದ್ಧನಿದ್ದರೂ ಅಳತೆ, ಪರಿಶೀಲನೆ, ಹಂಚಿಕೆಗಳು ನಡೆಯಲಿಲ್ಲ.

ಚಳವಳಿಯ ನಿಯಮಗಳೂ ಒಂದೇ ಆಗಿರಲಿಲ್ಲ ಎಂಬುದನ್ನು ಗಮನಿಸಿ. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ನೆಹರೂ ಮುಂತಾದ ನಾಯಕರು ಸೇರಿ, ಭೂದಾನದಿಂದಲೇ ಬೆಳೆದ ಗ್ರಾಮದಾನವನ್ನು ಬೆಂಬಲಿಸಿದಾಗ ಅದರ ಅರ್ಥ ಊರಿನ ಭೂಮಿಯನ್ನು ಊರಿಗೇ ಒಪ್ಪಿಸುವುದು ಎಂದಿತ್ತು. 1965ರ ಸುಲಭ ಗ್ರಾಮದಾನದಲ್ಲಿ ಒಡೆತನವು ಗ್ರಾಮಸಭೆಗೆ ಸೇರಿದರೂ, ಭೂಹೀನರಿಗೆ ಇಪ್ಪತ್ತನೆಯ ಒಂದು ಪಾಲನ್ನು ಬಿಟ್ಟು ಉಳಿದದ್ದನ್ನು ಹಳೆಯ ಒಡೆಯರೇ ಉಳಬಹುದಿತ್ತು. ಆದ್ದರಿಂದ ಪ್ರತಿಯೊಬ್ಬರನ್ನೂ ಅವರು ಮಾತು ಕೊಟ್ಟ ವರ್ಷದ ನಿಯಮದಿಂದಲೇ ಅಳೆಯಬೇಕು.

ತಾಲ್ಲೂಕು ಕಚೇರಿಯಲ್ಲಿ ಹಳೆಯ ಪಹಣಿಯನ್ನೂ ಮ್ಯುಟೇಶನ್ ದಾಖಲೆಯನ್ನೂ ತೆಗೆಸಿ ನೋಡಿರಿ. ಅಜ್ಜನವರ ಹೆಸರನ್ನು ಕೈಬಿಡಬೇಡಿ; ಅದರ ಮುಂದೆ "ನಾಲ್ಕು ಎಕರೆಗೆ ದಾನಪತ್ರ, ಹಂಚಿಕೆಯಾಗಿಲ್ಲ" ಎಂದು ಬರೆಯಿರಿ. ಆ ನಾಲ್ಕು ಎಕರೆಯನ್ನು ಈಗ ಏನು ಮಾಡಬೇಕೆಂಬುದನ್ನು ಮನೆಯವರೆಲ್ಲ ಕೂತು ಮಾತನಾಡಿ, ತೀರ್ಮಾನವನ್ನೂ ಅದೇ ಸಾಲಿನಲ್ಲಿ ಸೇರಿಸಿರಿ.