ಬೀಗ ಹಾಕಿದ್ದೆ, ಆದರೂ ಸೈಕಲ್ ಹೋಯ್ತು

ಸೈಕಲ್ ರಿಪೇರಿಯಲ್ಲಿ ನನಗೆ 22 ವರ್ಷ ಆಯಿತು. ಕೀಲಿ ಕಳೆದುಕೊಂಡು ಸೈಕಲ್ ಹೊತ್ತು ತರುವವರ ಬೀಗ ಕತ್ತರಿಸಿ ಕೊಡುವುದೂ ಇದೇ ಕೆಲಸದಲ್ಲಿ ಸೇರಿದೆ. ಹಾಗಾಗಿ ಯಾವ ಬೀಗ ಎಷ್ಟು ಹೊತ್ತು ತಡೆಯುತ್ತದೆ ಅನ್ನೋದು ನನ್ನ ಕೈಗೇ ಗೊತ್ತು. ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಅದರ ಬಗ್ಗೆಯೇ ಇವೆ.

ಪ್ರಶ್ನೆ: ಲೈಬ್ರರಿ ಮುಂದಿನ ಸ್ಟ್ಯಾಂಡಿಗೆ ಸೇರಿಸಿ ಒಳ್ಳೆಯ ಯು-ಲಾಕ್ (ಯು ಆಕಾರದ ಉಕ್ಕಿನ ಬೀಗ) ಹಾಕಿದ್ದೆ. ಒಂದು ಗಂಟೆ ಬಿಟ್ಟು ಬಂದರೆ ಮುಂದಿನ ಚಕ್ರ ಮಾತ್ರ ಬೀಗದ ಜೊತೆ ನಿಂತಿತ್ತು. ಬೀಗದ ಮೇಲೆ ಒಂದು ಗೀರೂ ಇಲ್ಲ. ನಾನು ಮಾಡಿದ ತಪ್ಪೇನು?

ಉತ್ತರ: ಓದಿ ಸಂಕಟವಾಯಿತು. ತುಂಬಾ ಜನ ಇದನ್ನೇ ಮಾಡುತ್ತಾರೆ. ಸ್ಟ್ಯಾಂಡಿಗೆ ಮೊದಲು ತಾಗುವುದು ಮುಂದಿನ ಚಕ್ರ, ಅವಸರದಲ್ಲಿ ಕೈ ಅಲ್ಲೇ ಬೀಗ ಹಾಕಿಬಿಡುತ್ತದೆ. ಆದರೆ ಆ ಚಕ್ರವನ್ನು ಸೈಕಲ್ಲಿಗೆ ಹಿಡಿದಿಟ್ಟಿರುವುದು ಒಂದು ಸಣ್ಣ ಲಿವರ್. ಕ್ವಿಕ್ ರಿಲೀಸ್ ಅಂತೀವಲ್ಲ, ಅದು. ಇಟಲಿಯ ಸೈಕಲ್ ರೇಸರ್ ತುಲ್ಲಿಯೊ ಕಂಪನ್ಯೋಲೊ 1930ರ ದಶಕದಲ್ಲಿ ಇದನ್ನು ತಂದದ್ದೇ ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚಲಿ ಅಂತ. ಲಿವರ್ ತಿರುಗಿಸಿ, ಎದುರಿನ ನಟ್ಟನ್ನು ನಾಲ್ಕು ಸುತ್ತು ಸಡಿಲ ಮಾಡಿದರೆ ಚಕ್ರ ಕಳಚಿ ಬರುತ್ತದೆ. ನಿಮ್ಮ ಬೀಗ ಮುಟ್ಟುವ ಅಗತ್ಯವೇ ಕಳ್ಳನಿಗೆ ಬರಲಿಲ್ಲ.

ಇನ್ನು ಮೇಲೆ ಸೈಕಲ್ಲಿನ ಹಿಂಭಾಗಕ್ಕೆ ಬೀಗ ಹಾಕಿ. ಸೀಟಿನ ಕೆಳಗೆ, ಹಿಂದಿನ ಚಕ್ರದ ಅಕ್ಕಪಕ್ಕ ಫ್ರೇಮಿನ ಕೊಳವೆಗಳು ಸೇರಿ ತ್ರಿಕೋನ ಆಗಿರುತ್ತದೆ. ಅಮೆರಿಕದಲ್ಲಿ ಶೆಲ್ಡನ್ ಬ್ರೌನ್ ಎಂಬ ಮೆಕ್ಯಾನಿಕ್ ಇದ್ದರು, 2008ರಲ್ಲಿ ತೀರಿಕೊಂಡರು. ಆ ತ್ರಿಕೋನದ ಒಳಗಡೆ ರಿಮ್ಮನ್ನೂ ಕಂಬವನ್ನೂ ಸೇರಿಸಿ ಯು-ಲಾಕ್ ಹಾಕಿದರೆ ಸಾಕು ಎಂದು ಅವರು ಹೇಳುತ್ತಿದ್ದರು. ಹಿಂದಿನ ಚಕ್ರ ಆ ತ್ರಿಕೋನ ದಾಟಿ ಆಚೆ ಬರುವುದಿಲ್ಲ, ಆದ್ದರಿಂದ ಫ್ರೇಮೂ ತಾನಾಗೇ ಸಿಕ್ಕಿಬೀಳುತ್ತದೆ. ರಿಮ್ಮನ್ನೇ ಕೊಯ್ದರೆ ಅಂತ ಕೇಳಬಹುದು. ಗುಜರಿಗೆ ಹೋಗುವ ಚಕ್ರಗಳನ್ನು ನಾನು ಕೊಯ್ದಿದ್ದೇನೆ. ಕಡ್ಡಿಗಳೆಲ್ಲ ರಿಮ್ಮನ್ನು ಒಳಕ್ಕೆ ಎಳೆಯುತ್ತಾ ಇರುತ್ತವೆ. ಬ್ಲೇಡ್ ಅರ್ಧ ಇಳಿಯುವಷ್ಟರಲ್ಲಿ ಸೀಳು ಬಿಗಿಯುತ್ತದೆ, ಬ್ಲೇಡನ್ನೇ ಕಚ್ಚಿ ಹಿಡಿಯುತ್ತದೆ. ಟಯರ್ ಅಂಚಿನಲ್ಲಿ ತಂತಿ ಇದ್ದರೆ ಅದನ್ನೂ ಕೊಯ್ಯಬೇಕು. ಆದರೂ ಬೀಗದಲ್ಲಿ ಜಾಗ ಇದ್ದರೆ ಸೀಟಿನ ಕೆಳಗಿನ ಕೊಳವೆಯನ್ನೂ ಸೇರಿಸಿಕೊಳ್ಳಿ. ನನಗೆ ಆಗಲೇ ಸಮಾಧಾನ.

ಬೀಗದೊಳಗೆ ಖಾಲಿ ಜಾಗ ಜಾಸ್ತಿ ಬಿಡಬೇಡಿ. ಜಾಕ್ ತೂರಿಸಿ ಹಿಗ್ಗಿಸಲು, ರಾಡ್ ಹಾಕಿ ಮೀಟಲು ಅದೇ ದಾರಿ. ಮುಂದಿನ ಚಕ್ರಕ್ಕೆ ಕ್ವಿಕ್ ರಿಲೀಸ್ ತೆಗೆಸಿ, ಅಲೆನ್ ಕೀ ಎಂಬ ಆರು ಮೂಲೆಯ ಕೀಲಿಯಿಂದ ಮಾತ್ರ ಬಿಚ್ಚುವ ಆಕ್ಸಲ್ ಹಾಕಿಸಿಕೊಳ್ಳಿ. ಸಣ್ಣ ಕೆಲಸ ಅದು.

ಪ್ರಶ್ನೆ: ನನ್ನದು ಹೆಬ್ಬೆರಳಿನಷ್ಟು ದಪ್ಪದ ಕೇಬಲ್, ನಾಲ್ಕು ಅಂಕಿಯ ನಂಬರ್ ಲಾಕ್. ಇಷ್ಟು ಸಾಕಲ್ವಾ?

ಉತ್ತರ: ಸಾಲದು. ಆ ದಪ್ಪದಲ್ಲಿ ಅರ್ಧ ಪ್ಲಾಸ್ಟಿಕ್ಕೇ ಇರುತ್ತದೆ. ಒಳಗಿರುವುದು ತೆಳ್ಳನೆಯ ತಂತಿಗಳನ್ನು ಹೊಸೆದ ಹಗ್ಗ. ಹೋದ ತಿಂಗಳು ಒಬ್ಬ ಹುಡುಗ ನಂಬರ್ ಮರೆತು ಇಂಥದ್ದೇ ಬೀಗ ತಂದ. ಕೈಯಲ್ಲಿ ಹಿಡಿಯುವ ಕೇಬಲ್ ಕಟರ್‌ನಿಂದ ಮೂರು ಸಲ ಒತ್ತಿದೆ, ಎರಡು ತುಂಡಾಯಿತು. ಹುಡುಗನ ಮುಖ ಬಿಳಿಚಿಕೊಂಡಿತು. ಇಷ್ಟು ದಿನ ಇದನ್ನೇ ನಂಬಿಕೊಂಡು ರಾತ್ರಿಯೆಲ್ಲ ಬೀದಿಯಲ್ಲಿ ಬಿಟ್ಟಿದ್ದೆ ಅಂದ.

ಇನ್ನೊಂದು ವಿಷಯ. ನಾಲ್ಕು ಅಂಕಿ ಅಂದರೆ ಲೆಕ್ಕಕ್ಕೆ 10,000 ನಂಬರ್. ಆದರೆ ಬೀಗ ಹಾಕಿದ ಮೇಲೆ ತುಂಬಾ ಜನ ಬೀಗದ ಕೊನೆಯ ಅಂಕಿಗಾಲಿಯನ್ನಷ್ಟೇ ಒಂದೆರಡು ಅಂಕಿ ಸರಿಸಿ ಹೋಗುತ್ತಾರೆ. ನೋಡುವವನಿಗೆ ಉಳಿದ ಮೂರು ಅಂಕಿ ಅಲ್ಲೇ ಸಿಕ್ಕವು. ನಾಲ್ಕೂ ಅಂಕಿಗಾಲಿ ಕಲಸಿ. ಈ ಕೇಬಲ್ಲನ್ನು ಸೀಟು, ಮುಂದಿನ ಚಕ್ರ ಕಟ್ಟಲು ಇಟ್ಟುಕೊಳ್ಳಿ, ಸೈಕಲ್ಲಿಗೆ ಯು-ಲಾಕ್ ಅಥವಾ ಗಟ್ಟಿ ಉಕ್ಕಿನ ಚೈನ್ ತನ್ನಿ. ಚೈನ್ ಆದರೆ ನೆಲಕ್ಕೆ ಜೋತುಬೀಳದಂತೆ ಮೇಲೆ ಬಿಗಿಯಿರಿ. ನೆಲದ ಮೇಲಿದ್ದರೆ ದೊಡ್ಡ ಕಟರ್‌ನ ಒಂದು ಹಿಡಿ ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಬಿಟ್ಟು ಒತ್ತಬಹುದು. ಅದೇ ಮೇಲಿದ್ದರೆ ಬರೀ ತೋಳಿನ ಬಲದಲ್ಲೇ ಒತ್ತಬೇಕು. ಕಬ್ಬಿಣ ಕೊಯ್ಯುವ ಗ್ರೈಂಡರ್ ಯಂತ್ರ ತಂದವನ ಮುಂದೆ ಇದ್ಯಾವುದೂ ತುಂಬಾ ಹೊತ್ತು ನಿಲ್ಲುವುದಿಲ್ಲ, ನಿಜ. ಆದರೆ ಅದರ ಸದ್ದು, ಕಿಡಿ ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಜನ ಓಡಾಡುವ ಕಡೆ ನಿಲ್ಲಿಸಿ.

ಪ್ರಶ್ನೆ: ಹಿಂದಿನ ಚಕ್ರಕ್ಕೆ ಕೂರಿಸಿರುವ ಗುಂಡು ಲಾಕ್ ಇದೆ. ಐದು ನಿಮಿಷದ ಕೆಲಸಕ್ಕೆ ಅದು ಸಾಕಾ?

ಉತ್ತರ: ಅದು ಚಕ್ರ ತಿರುಗದ ಹಾಗೆ ಮಾಡುತ್ತದೆ, ಅಷ್ಟೇ. 15 ಕಿಲೋ ಸೈಕಲ್ಲನ್ನು ಹೆಗಲಿಗೇರಿಸಿ ನಡೆಯಲು ಐದು ನಿಮಿಷವೂ ಬೇಡ. ಸೈಕಲ್ ಕಣ್ಣೆದುರೇ ಇದ್ದರೆ ಸರಿ, ಒಳಗೆ ಹೋಗುವುದಾದರೆ ಕಂಬಕ್ಕೆ ಕಟ್ಟಿ.

ಪ್ರಶ್ನೆ: ಸ್ಟ್ಯಾಂಡ್ ಇಲ್ಲದ ಕಡೆ ಯಾವ ಕಂಬವಾದರೂ ಆದೀತಾ?

ಉತ್ತರ: ಈ ಪಾಠ ಕಲಿಯಲು ನಾನೇ ಒಂದು ಸೈಕಲ್ ಕಳೆದುಕೊಂಡೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ನಾನೇ ಬಿಡಿಭಾಗ ಕೂಡಿಸಿ ಕಟ್ಟಿದ ಹಸಿರು ಸೈಕಲ್. ನನ್ನ ಎದೆ ಎತ್ತರದ ಒಂದು ಕಬ್ಬಿಣದ ಕಂಬಕ್ಕೆ ಬಿಗಿಯಾಗಿ ಬೀಗ ಹಾಕಿದ್ದೆ. ಬಂದು ನೋಡಿದರೆ ಕಂಬ ಇದ್ದ ಹಾಗೇ ಇದೆ, ಸೈಕಲ್ಲೂ ಇಲ್ಲ, ಬೀಗವೂ ಇಲ್ಲ. ಬೀಗದ ಸಮೇತ ಕಂಬದ ತುದಿಯಿಂದ ಮೇಲೆತ್ತಿ ತೆಗೆದಿದ್ದರು. ಸ್ವಲ್ಪ ಹೊತ್ತು ಆ ಕಂಬ ಹಿಡಿದುಕೊಂಡು ಸುಮ್ನೆ ನಿಂತಿದ್ದೆ.

ಈಗ ಮೊದಲು ಕಂಬದ ತುದಿ ನೋಡುತ್ತೇನೆ. ಬೋರ್ಡ್ ಇದ್ದರೆ ಅದು ಬರೀ ಎರಡು ಬೋಲ್ಟಿನ ಮೇಲೆ ನಿಂತಿದೆಯಾ ಅಂತ ನೋಡುತ್ತೇನೆ. ಆಮೇಲೆ ಬುಡ ಅಲುಗಾಡಿಸುತ್ತೇನೆ. ಬೀಗ ಹಾಕಿದ ಮೇಲೆ ಸೈಕಲ್ಲನ್ನು ಮೇಲಕ್ಕೂ ಎಳೆಯುತ್ತೇನೆ, ಪಕ್ಕಕ್ಕೂ ಎಳೆಯುತ್ತೇನೆ. ಕಳ್ಳ ಮಾಡುವುದನ್ನೆಲ್ಲ ಹತ್ತು ಸೆಕೆಂಡ್ ನೀವೇ ಮಾಡಿ ನೋಡಿ. ತಂತಿಬಲೆಯ ಬೇಲಿ ಬೇಡ, ಇಕ್ಕುಳಕ್ಕೇ ತುಂಡಾಗುತ್ತದೆ. ಎಳೆಯ ಮರ ಖಂಡಿತ ಬೇಡ, ಸೈಕಲ್ ಜೊತೆ ಮರವೂ ಹೋಗುತ್ತದೆ. ಮೆಟ್ಟಿಲಿನ ಕೈಹಿಡಿಗೂ ದಯವಿಟ್ಟು ಕಟ್ಟಬೇಡಿ. ಕಣ್ಣು ಕಾಣದವರು, ವಯಸ್ಸಾದವರು ಅದನ್ನೇ ಹಿಡಿದು ಇಳಿಯುತ್ತಾರೆ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಡುತ್ತೇನೆ. ಗೇಟ್ ಇದೆ. ಬೀಗ ಬೇಕಾ?

ಉತ್ತರ: ಅಲ್ಲೇ ಹೆಚ್ಚು ಬೇಕು. ಬೀದಿಯಲ್ಲಿ ಹತ್ತು ಜನ ನೋಡುತ್ತಾರೆ. ಬೇಸ್‌ಮೆಂಟಿನಲ್ಲಿ ಒಮ್ಮೆ ಒಳಗೆ ಬಂದವನಿಗೆ ಇಡೀ ರಾತ್ರಿ ಬಿಡುವಿದೆ. ಗೋಡೆಗೆ ಅಥವಾ ಪೈಪಿಗೆ ಅಂತ ಬೇಡ, ನೆಲಕ್ಕೆ ಕಾಂಕ್ರೀಟಿನಲ್ಲಿ ಕೂರಿಸಿದ ಕೊಂಡಿ ಹಾಕಿಸಿಕೊಳ್ಳಿ.

ಜೊತೆಗೆ ಇವತ್ತೇ ಒಂದು ಕೆಲಸ ಮಾಡಿ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಪೆಡಲ್‌ಗಳ ಕ್ರ್ಯಾಂಕ್ ಸೇರುವ ಕಡೆ, ಫ್ರೇಮಿನ ಅಡಿಯಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ಕೊರೆದಿರುತ್ತದೆ. ಪೊಲೀಸರಿಗೆ ದೂರು ಕೊಡುವಾಗ ನೀಲಿ ಸೈಕಲ್ ಅಂದರೆ ಏನೂ ಗೊತ್ತಾಗುವುದಿಲ್ಲ, ಆ ನಂಬರ್ ಇದ್ದರೆ ಸಿಕ್ಕ ಸೈಕಲ್ ನಿಮ್ಮದು ಅಂತ ತೋರಿಸಬಹುದು. ಅಲ್ಲಿ ಗ್ರೀಸು, ಕೆಸರು ಗಟ್ಟಿಯಾಗಿ ಅಂಟಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಅಂಕಿಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಫೋಟೋ ತೆಗೆದುಕೊಳ್ಳಿ.