ಆಪರೇಷನ್ ನಡೆಯುವಾಗ ನರಗಳ ಮೇಲೆ ಕಣ್ಣಿಡುವುದು ಹೇಗೆ?

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ 14 ವರ್ಷ. ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ, ಸ್ಕೋಲಿಯೋಸಿಸ್ ಅಂತ ಹೇಳಿದ್ದಾರೆ. ಸ್ಕ್ರೂ, ರಾಡ್ ಹಾಕಿ ನೆಟ್ಟಗೆ ಮಾಡುತ್ತಾರಂತೆ. ಬೆನ್ನುಹುರಿಗೆ ಪೆಟ್ಟಾಗದ ಹಾಗೆ ನ್ಯೂರೋಮಾನಿಟರಿಂಗ್ ಮಾಡುತ್ತೇವೆ ಎಂದರು. ಅದು ಇದ್ದರೆ ಕಾಲಿನ ಶಕ್ತಿ ಹೋಗುವುದಿಲ್ಲ ಅಂತ ಧೈರ್ಯವಾಗಿ ಇರಬಹುದಾ? ಅದರಿಂದಲೇ ಏನಾದರೂ ತೊಂದರೆ ಇದೆಯಾ?

ಉತ್ತರ: ಮಗಳ ಬಗ್ಗೆ ನಿಮಗಿರುವ ಈ ಭಯ ಸಹಜವೇ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಪೂರ್ತಿ ಗ್ಯಾರಂಟಿ ಯಾರೂ ಕೊಡಲಾರರು. ಆದರೆ ಬೆನ್ನುಹುರಿಗೆ ತೊಂದರೆ ಶುರುವಾದರೆ, ಅದನ್ನು ಸರಿಪಡಿಸಲು ಇನ್ನೂ ಸಮಯ ಇರುವಾಗಲೇ ಗೊತ್ತಾಗುವ ಸಾಧ್ಯತೆ ಇದರಿಂದ ಬಹಳ ಜಾಸ್ತಿಯಾಗುತ್ತದೆ.

ಎಚ್ಚರ ಇರುವಾಗ ಕಾಲು ಜೋಮು ಹಿಡಿದರೆ ನಾವೇ ಹೇಳುತ್ತೇವೆ, ಅಲ್ವಾ? ಅರಿವಳಿಕೆಯಲ್ಲಿ ಇರುವವರು ಹೇಳಲಾರರು. ಹಿಂದೆ ಇದಕ್ಕೊಂದು ಉಪಾಯ ಇತ್ತು. ಫ್ರಾನ್ಸಿನ ಸರ್ಜನ್ ಸ್ಟಾಗ್ನಾರಾ ಮತ್ತು ಅವರ ಜೊತೆಯವರು 1973ರಲ್ಲಿ ಅದನ್ನು ವಿವರಿಸಿದ್ದರು. ಆಪರೇಷನ್ ಮಧ್ಯದಲ್ಲಿ ಅರಿವಳಿಕೆ ಕಡಿಮೆ ಮಾಡಿ, ರೋಗಿಯನ್ನು ಸ್ವಲ್ಪ ಎಚ್ಚರಕ್ಕೆ ತಂದು, ಕಾಲ್ಬೆರಳು ಆಡಿಸಿ ಅನ್ನುವುದು. ಬೆರಳು ಆಡಿದರೆ ಎಲ್ಲರಿಗೂ ಸಮಾಧಾನ. ಆದರೆ ಇದು ಆ ಒಂದು ಗಳಿಗೆಯ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಹತ್ತು ನಿಮಿಷ ಬಿಟ್ಟು ಏನಾದರೂ ಆದರೆ ಗೊತ್ತಾಗುವುದಿಲ್ಲ. ಈಗಲೂ ಬೇರೆ ದಾರಿ ಇಲ್ಲದಾಗ ಇದನ್ನು ಮಾಡುತ್ತೇವೆ.

ಈಗಿನ ವಿಧಾನದಲ್ಲಿ ಆಪರೇಷನ್ ಉದ್ದಕ್ಕೂ ಎರಡು ದಾರಿಗಳನ್ನು ನೋಡುತ್ತಿರುತ್ತೇವೆ. ಮೊದಲನೆಯದು ಕಾಲಿನಿಂದ ಮೆದುಳಿಗೆ ಹೋಗುವ ಸ್ಪರ್ಶದ ದಾರಿ. ಪಾದದ ಗಂಟಿನ ಹತ್ತಿರದ ನರಕ್ಕೆ ಸಣ್ಣ ಕರೆಂಟ್ ಕೊಡುತ್ತೇವೆ. ಅದು ಬೆನ್ನುಹುರಿಯ ಹಿಂಭಾಗದಲ್ಲಿ ಮೇಲೇರಿ ಮೆದುಳು ಮುಟ್ಟಿದ್ದನ್ನು ತಲೆಯ ಮೇಲಿನ ಎಲೆಕ್ಟ್ರೋಡ್‌ಗಳು ಹಿಡಿಯುತ್ತವೆ. ಎಸ್‌ಎಸ್‌ಇಪಿ ಅಂತ ರಿಪೋರ್ಟಿನಲ್ಲಿ ಬರೆಯುವುದು ಇದನ್ನೇ. ಈ ಸಿಗ್ನಲ್ ತೀರಾ ಚಿಕ್ಕದು, ಮೆದುಳಿನದೇ ಗದ್ದಲದಲ್ಲಿ ಮುಳುಗಿಹೋಗಿರುತ್ತದೆ. ನೂರಾರು ಸಲ ಕೊಟ್ಟು ಸರಾಸರಿ ತೆಗೆದ ಮೇಲೆ ಕಾಣುತ್ತದೆ. ಅದಕ್ಕೇ ಸ್ವಲ್ಪ ಸಮಯ ಬೇಕು.

ಎರಡನೆಯದು ಮೆದುಳಿನಿಂದ ಕಾಲಿಗೆ ಇಳಿಯುವ ಚಲನೆಯ ದಾರಿ, ಎಂಇಪಿ. ತಲೆಯ ಮೇಲಿಂದ ಚುಟುಕಾಗಿ ಕರೆಂಟ್ ಕೊಟ್ಟರೆ ಕಾಲಿನ ಸ್ನಾಯು ಮಿಡಿಯುತ್ತದೆ. ಉತ್ತರ ತಕ್ಷಣ ಸಿಗುತ್ತದೆ. ಮೈ ಸ್ವಲ್ಪ ಅದುರುವುದರಿಂದ, ಕೊಡುವ ಮೊದಲು ಸರ್ಜನ್‌ಗೆ ಹೇಳಿ ಅವರ ಕೈ ನಿಲ್ಲಿಸುತ್ತೇವೆ.

ಎರಡೂ ಯಾಕೆ ಬೇಕು ಅಂದರೆ, ಬೆನ್ನುಹುರಿಯ ಮುಂಭಾಗಕ್ಕೂ ಹಿಂಭಾಗಕ್ಕೂ ರಕ್ತ ಬೇರೆ ಬೇರೆ ರಕ್ತನಾಳದಿಂದ ಬರುತ್ತದೆ. ಮುಂಭಾಗಕ್ಕೆ ರಕ್ತ ನಿಂತರೆ ಸ್ಪರ್ಶದ ಸಿಗ್ನಲ್ ಚೆನ್ನಾಗಿಯೇ ಇದ್ದು, ಕಾಲಿನ ಶಕ್ತಿ ಮಾತ್ರ ಹೋಗಬಹುದು. ನಿಮ್ಮ ಮಗಳಿಗೆ ಎರಡನ್ನೂ ನೋಡುತ್ತಾರಾ ಅಂತ ದಯವಿಟ್ಟು ಕೇಳಿ.

ಸಿಗ್ನಲ್ ಬಿದ್ದರೆ ಏನಾಗುತ್ತದೆ? ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಶುರುವಿನಲ್ಲೇ ಮಗುವಿನ ಸ್ವಂತ ಬೇಸ್‌ಲೈನ್, ಅಂದರೆ ಹೋಲಿಸಿ ನೋಡಲು ಮೊದಲ ಅಳತೆ, ತೆಗೆದಿಟ್ಟಿರುತ್ತೇವೆ. ಸ್ಪರ್ಶದ ಸಿಗ್ನಲ್‌ನ ಎತ್ತರ ಅದರ ಅರ್ಧಕ್ಕೆ ಇಳಿದರೆ, ಅಥವಾ ತಲುಪುವ ಹೊತ್ತು ಶೇ 10ರಷ್ಟು ತಡವಾದರೆ ಎಚ್ಚರಿಸುತ್ತೇವೆ. ಆದರೆ ಸಿಗ್ನಲ್ ಬಿತ್ತು ಅಂದ ಕೂಡಲೇ ನರಕ್ಕೆ ಪೆಟ್ಟಾಯಿತು ಅಂತಲ್ಲ. ಎಲ್ಲಿ ಬಿತ್ತು, ಯಾವಾಗ ಬಿತ್ತು ಅಂತ ನೋಡಬೇಕು. ಅದಕ್ಕೇ ಕಾಲಿನ ಜೊತೆ ಕೈಗಳ ಸಿಗ್ನಲ್ ಕೂಡ ನೋಡುತ್ತಿರುತ್ತೇವೆ. ಎರಡು ಕೈ, ಎರಡು ಕಾಲು ಎಲ್ಲ ಕಡೆ ಒಟ್ಟಿಗೆ ಕುಗ್ಗಿದರೆ ಹೆಚ್ಚಾಗಿ ಬಿಪಿ ಇಳಿದಿರುತ್ತದೆ ಅಥವಾ ಅರಿವಳಿಕೆ ಜಾಸ್ತಿಯಾಗಿರುತ್ತದೆ. ಒಂದು ಕೈಯಲ್ಲಿ ಮಾತ್ರ ಆದರೆ ಆ ಕೈ ಮಲಗಿಸಿದ ರೀತಿಯಿಂದ ನರ ಒತ್ತಿರಬಹುದು, ಕೈ ಸರಿಮಾಡಿದರೆ ಸಿಗ್ನಲ್ ವಾಪಸ್ ಬರುತ್ತದೆ. ಸುಮ್ನೆ ಒಂದು ವೈರ್ ಕಳಚಿಕೊಂಡಿರುವುದೂ ಉಂಟು. ಆದರೆ ರಾಡ್ ತಿರುಗಿಸಿದ ಸ್ವಲ್ಪ ಹೊತ್ತಿಗೆ ಎರಡೂ ಕಾಲಿನ ಸಿಗ್ನಲ್ ಬಿದ್ದು, ಕೈಗಳದು ಹಾಗೇ ಇದ್ದರೆ, ಎಲ್ಲರೂ ಕೆಲಸ ನಿಲ್ಲಿಸಬೇಕು. ಬಿಪಿ ಏರಿಸುತ್ತಾರೆ, ರಾಡ್ ಸಡಿಲ ಮಾಡುತ್ತಾರೆ, ಸ್ಕ್ರೂ ಕೂತ ಜಾಗ ಮತ್ತೆ ನೋಡುತ್ತಾರೆ. ಎಷ್ಟೋ ಸಲ ಇಷ್ಟರಲ್ಲೇ ಸಿಗ್ನಲ್ ಮರಳುತ್ತದೆ. ಮರಳದಿದ್ದರೆ ರಾಡ್ ತೆಗೆದು, ನೆಟ್ಟಗೆ ಮಾಡುವುದನ್ನು ಇನ್ನೊಂದು ದಿನಕ್ಕೆ ಬಿಡುವ ನಿರ್ಧಾರವೂ ಆಗಬಹುದು. ಹಾಗೆ ನಿಲ್ಲಿಸಿ ಬಂದ ಸರ್ಜನ್ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ಅವರು ಮಗುವಿನ ಕಾಲನ್ನು ಉಳಿಸಿರುತ್ತಾರೆ.

ಹಾಗಾಗಿ ಯಂತ್ರ ಇದೆಯಾ ಅಂತ ಕೇಳಿದರೆ ಸಾಲದು. ಸ್ಕೋಲಿಯೋಸಿಸ್ ರಿಸರ್ಚ್ ಸೊಸೈಟಿಯ ಸರ್ಜನ್‌ಗಳ 51,000ಕ್ಕೂ ಹೆಚ್ಚು ಆಪರೇಷನ್‌ಗಳ ಸಮೀಕ್ಷೆ 1995ರಲ್ಲಿ ಪ್ರಕಟವಾಯಿತು. ಮಾನಿಟರಿಂಗ್‌ನಲ್ಲಿ ಅನುಭವ ಕಡಿಮೆ ಇದ್ದ ತಂಡಗಳಿಗೆ ಹೋಲಿಸಿದರೆ, ಪಳಗಿದ ತಂಡಗಳಲ್ಲಿ ನರದ ತೊಂದರೆ ಅರ್ಧಕ್ಕಿಂತ ಕಡಿಮೆ ಇತ್ತು. ಪರದೆ ನೋಡುತ್ತಾ ಕೂರುವವರು ಯಾರು, ಅವರು ಆಪರೇಷನ್ ಮುಗಿಯುವವರೆಗೂ ಇರುತ್ತಾರಾ, ಸಿಗ್ನಲ್ ಬಿದ್ದರೆ ತಂಡ ಏನು ಮಾಡುತ್ತದೆ ಎಂದು ಕೇಳಿ. ಒಳ್ಳೆಯ ಸರ್ಜನ್ ಇದಕ್ಕೆ ಖುಷಿಯಿಂದಲೇ ಉತ್ತರಿಸುತ್ತಾರೆ.

ಇನ್ನು ತೊಂದರೆಗಳು. ಸೂಜಿಯಂಥ ಎಲೆಕ್ಟ್ರೋಡ್ ಚುಚ್ಚಿದ ಕಡೆ ಸಣ್ಣ ಕಂದು ಗುರುತು ಉಳಿಯಬಹುದು. ಎಂಇಪಿ ಕೊಡುವಾಗ ದವಡೆ ಬಿಗಿಯುವುದರಿಂದ ನಾಲಿಗೆ ಕಚ್ಚಿಕೊಳ್ಳಬಹುದು, ಅದಕ್ಕೆ ಬಾಯೊಳಗೆ ಮೆತ್ತನೆಯ ಪ್ಯಾಡ್ ಇಡುತ್ತಾರೆ. ಮಗಳಿಗೆ ಫಿಟ್ಸ್ ಬಂದಿದ್ದರೆ, ತಲೆಯೊಳಗೆ ಲೋಹ, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ತಪ್ಪದೆ ಮೊದಲೇ ಹೇಳಿ. ಸಿಗ್ನಲ್ ಕೆಡಬಾರದೆಂದು ಅರಿವಳಿಕೆಯ ಗ್ಯಾಸ್ ಕಡಿಮೆ ಮಾಡಿ, ಪ್ರೊಪೋಫಾಲ್‌ನಂಥ ಔಷಧಿಯನ್ನು ರಕ್ತನಾಳದಲ್ಲೇ ಹರಿಸುತ್ತಾರೆ. ಗ್ಯಾಸ್ ಕಡಿಮೆಯಾದರೆ ಮಧ್ಯೆ ಎಚ್ಚರವಾಗುತ್ತದಾ ಅನ್ನುವ ಹೆದರಿಕೆ ಬೇಡ, ನಿದ್ದೆ ಎಷ್ಟು ಆಳವಾಗಿದೆ ಅಂತ ನೋಡಿಕೊಳ್ಳಲು ಅರಿವಳಿಕೆ ಡಾಕ್ಟರ್ ಪಕ್ಕದಲ್ಲೇ ಇರುತ್ತಾರೆ.

ಪ್ರಶ್ನೆ: ನಾನು ಟೀಚರ್. ಥೈರಾಯ್ಡ್ ಪೂರ್ತಿ ತೆಗೆಯಬೇಕಂತೆ. ಧ್ವನಿ ಹೋಗದ ಹಾಗೆ ಇದೇ ಥರ ನೋಡಿಕೊಳ್ಳಬಹುದಾ?

ಉತ್ತರ: ಖಂಡಿತ. ಧ್ವನಿಯ ನರ ಥೈರಾಯ್ಡ್ ಹಿಂದೆಯೇ, ಎಡಕ್ಕೊಂದು ಬಲಕ್ಕೊಂದು ಹಾದುಹೋಗುತ್ತದೆ. ಉಸಿರಾಟಕ್ಕೆ ಹಾಕುವ ಟ್ಯೂಬಿನಲ್ಲೇ ಎಲೆಕ್ಟ್ರೋಡ್ ಇರುತ್ತದೆ, ಅದು ಧ್ವನಿತಂತುಗಳಿಗೆ ತಾಗಿಕೊಂಡಿರುತ್ತದೆ. ಸರ್ಜನ್ ಸಣ್ಣ ಕಡ್ಡಿಯಂಥ ಪ್ರೋಬ್‌ನಿಂದ ನರ ಮುಟ್ಟಿದರೆ ಯಂತ್ರ ಸದ್ದು ಮಾಡುತ್ತದೆ. ನರವನ್ನು ಕಣ್ಣಾರೆ ಗುರುತಿಸುವುದಕ್ಕೆ ಇದು ಬದಲಿ ಅಲ್ಲ, ಜೊತೆಗಾರ. ಇದರ ದೊಡ್ಡ ಉಪಯೋಗ ಇನ್ನೊಂದಿದೆ. ಒಂದು ಬದಿ ಮುಗಿಸಿದಾಗ ಆ ನರದ ಸಿಗ್ನಲ್ ನಿಂತಿದ್ದರೆ, ಇನ್ನೊಂದು ಬದಿಯನ್ನು ಮುಂದಕ್ಕೆ ಹಾಕಬಹುದು. ಎರಡೂ ನರ ಒಟ್ಟಿಗೆ ಕೆಟ್ಟರೆ ಧ್ವನಿಯ ಜೊತೆ ಉಸಿರಿಗೂ ಕಷ್ಟ, ಕತ್ತಿನಲ್ಲಿ ತೂತು ಮಾಡಿ ಟ್ಯೂಬ್ ಹಾಕಬೇಕಾಗಬಹುದು. ಹಾಗೇನಾದರೂ ಆದರೆ ಅರ್ಧಕ್ಕೆ ನಿಲ್ಲಿಸಿ ಅಂತ ಸರ್ಜನ್‌ಗೆ ಮೊದಲೇ ಒಪ್ಪಿಗೆ ಕೊಟ್ಟಿಡಿ. ಆಪರೇಷನ್‌ಗೆ ಮುಂಚೆ ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ತಿರ ಧ್ವನಿತಂತುಗಳನ್ನೂ ತೋರಿಸಿಕೊಳ್ಳಿ. ಒಂದು ಕಡೆ ಮೊದಲೇ ದುರ್ಬಲವಾಗಿದ್ದರೆ ಇನ್ನೊಂದು ಕಡೆಯ ನರವನ್ನು ಎಷ್ಟು ಜೋಪಾನ ಮಾಡಬೇಕು ಅನ್ನುವುದು ಸರ್ಜನ್‌ಗೆ ಗೊತ್ತಿರುತ್ತದೆ.